ಒದ್ದೆ ಫಿಲ್ಮ್ ಹಿಡಿದು ಓಡಿಬಂದವರು

ತೊಂಬತ್ತರ ದಶಕದಲ್ಲಿ ಔರಂಗಾಬಾದಿನ ನಮ್ಮ ಪಕ್ಕದ ಮನೆಯಲ್ಲಿ ಕಲಬುರಗಿ ಕಡೆಯ ಸಂಶೋಧಕಿಯೊಬ್ಬರಿದ್ದರು. ಗರ್ಭಕಂಠದ ಗಡ್ಡೆಗಳಲ್ಲಿ ವೈರಸ್ ಹುಡುಕುವುದು ಅವರ ಕೆಲಸ. ಏನು ಕೇಳಿದರೂ ಕನ್ನಡಕ ಹಣೆಗೇರಿಸಿ, "ತಡೀರಿ, ಇನ್ನೊಮ್ಮೆ ನೋಡೂಣು" ಎನ್ನುವರು.

ಒಂದು ಮಧ್ಯಾಹ್ನ ಚಪ್ಪಲಿಯನ್ನೂ ಬಿಡದೆ ನಮ್ಮ ಮನೆಯೊಳಗೆ ಓಡಿಬಂದರು. ಕೈಯಲ್ಲಿ ಅವರ ಪ್ರಯೋಗದ ಫಲಿತಾಂಶ ಮೂಡಿದ, ಇನ್ನೂ ಆರದ ಎಕ್ಸ್‌ರೇ ಫಿಲ್ಮ್, ಅದರಲ್ಲೊಂದು ಕಪ್ಪು ಗೆರೆ.

"ಸಿಕ್ತು ನೋಡ್ರಿ! ಮೂರನೇ ಸಲಾನೂ ಅದೇ ಗೆರಿ! ಗಡ್ಡಿ ಬೆಳೀದಂಗ ತಡಿಯೋ ಜೀನ್ ನಮ್ಮೊಳಗ ಅದ. ಈ ವೈರಸ್ ಅದರ ಕೈ ಕಟ್ಟಿ ಹಾಕ್ತದ!"

ಅದೇ ಗರ್ಭಕಂಠದ ಗಡ್ಡೆಯ ರೋಗವನ್ನು ಓಣಿಯವರಿಂದ ಮುಚ್ಚಿಟ್ಟಿದ್ದ ನನ್ನವ್ವ ಮಂಚದ ಮೇಲೆ ಎದ್ದು ಕೂತಳು.

"ಹಂಗಾದ್ರ ಇದು ನನ್ನ ಪಾಪದ ಫಲ ಅಲ್ಲೇನವಾ?"

"ಪಾಪ ಎಲ್ಲೀದ್ರಿ ಅವ್ವಾರ! ವೈರಸ್ ರೀ, ವೈರಸ್!"

ಅವ್ವ ಫಿಲ್ಮನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಎದುರುಮನೆಯ ಮರಾಠಿ ಅಜ್ಜಿಯನ್ನು ಬಂದು ನೋಡಿರೆಂದು ಅವರ ಭಾಷೆಯಲ್ಲೇ ಗಟ್ಟಿಯಾಗಿ ಕೂಗಿದಳು: "ಆಜೀ, ಇಕಡೆ ಯಾ, ಬಘಾ!"