ಚಿಕ್ಕಮಾದುವಿನ ಎಡಗೈ

ತಿ. ನರಸೀಪುರದ ಸೈಕಲ್ ರಿಪೇರಿ ಚಿಕ್ಕಮಾದು ಯಾವ ಹಳೆಯ ಸಾಮಾನನ್ನೂ ಸತ್ತುಹೋಯಿತೆಂದು ಒಪ್ಪುವವನಲ್ಲ. ಗದ್ದೆಗೆ ಔಷಧಿ ಹೊಡೆಯುವ ಸ್ಪ್ರೇಯರ್ ಕೆಟ್ಟಾಗ ಅದರ ಮೋಟಾರು ಬಿಚ್ಚಿ ಸರಿಮಾಡಿ, ಸ್ಕೂಟರಿನ ಬ್ಯಾಟರಿಗೆ ಜೋಡಿಸಿ, ನೀರಿನ ಕ್ಯಾನಿಗೆ ಪೈಪು ಸಿಕ್ಕಿಸಿ, ಸೈಕಲ್ ತೊಳೆಯುವ ಯಂತ್ರ ಮಾಡಿಬಿಟ್ಟ. ಅದನ್ನು ಕ್ಯಾರಿಯರಿಗೆ ಕಟ್ಟಿಕೊಂಡು ತಲಕಾಡಿನವರೆಗೂ ಹೋಗುತ್ತಾನೆ. ಅವನು ಗುಂಡಿ ಒತ್ತಿದರೆ ಮೂರು ಮಳೆಗಾಲದ ಕೆಸರೂ ಹೆದರಿ ಓಡುತ್ತದೆಂದು ಊರಿನ ಮಾತು. ಆದರೆ ನೀರು ಚಕ್ರದ ನಡುವಿಗೆ ಬರುತ್ತಲೇ ಅವನ ಎಡಗೈ ಅಡ್ಡ ಬರುತ್ತದೆ. "ಕೊಳೆ ಓಗ್ಲಿ ಕಣ್ಲಾ, ಒಳಗಿನ ಗ್ರೀಸ್ ಯಾಕೆ ಓಗ್ಬೇಕು?" ನೀರಿನ ಏಟು ತಿಂದು ತಿಂದು ಆ ಅಂಗೈ ನೆನೆದ ಅವಲಕ್ಕಿಯಂತಾಗಿದೆ. ಗಂಡ ತೀರಿಹೋದ ಮೇಲೆ ಅವನ ಸೈಕಲ್ಲಿನಲ್ಲೇ ಹೂವು ಮಾರುವ ರಾಮಮ್ಮ ಮೊನ್ನೆ ಅದನ್ನು ತೊಳೆಸಲು ಬಂದವಳು ಹ್ಯಾಂಡಲ್ ಬಿಡದೆ ನಿಂತಳು. ಚೈನ್ ಕವರಿನ ಮೇಲೆ ಗಂಡ ತನ್ನ ಕೈಯಾರೆ ಬಣ್ಣದಲ್ಲಿ ಬರೆದ ಅವಳ ಹೆಸರಿತ್ತು. ಅರ್ಧ ಆಗಲೇ ಉದುರಿತ್ತು. "ಎಸ್ರು ಓಗ್ಬುಡ್ತದೆ ಕಣಪ್ಪ, ಬ್ಯಾಡ ಬುಡು." "ನಿನ್ ಕೈ ಮಡಗಕ್ಕ ಅದ್ರ ಮ್ಯಾಲೆ," ಎಂದ ಮಾದು. ಅವಳು ಅಕ್ಷರಗಳನ್ನು ಅಂಗೈಯಿಂದ ಮುಚ್ಚಿದಳು. ಆ ಕೈಗೆ ಏಟು ಬೀಳದಂತೆ ತನ್ನ ಎಡಗೈ ಅಡ್ಡ ಹಿಡಿದು ಅವನು ಗುಂಡಿ ಒತ್ತಿದ.