ನೋಡದೆ ಬರೆದ ಮೂರು ಅಳತೆ

ಅವನನ್ನು ಎಲ್ಲರೂ ಗೇಜಪ್ಪ ಎಂದೇ ಕರೆಯುತ್ತಿದ್ದರು. ಮಳೆಗಾಲದಲ್ಲಿ ಗಂಟೆಗೊಮ್ಮೆ ಸೇತುವೆಯಡಿ ಇಳಿದು, ಕಂಬಕ್ಕೆ ಬಡಿದ ಗೇಜು ಎಂಬ ಅಳತೆಪಟ್ಟಿಯಲ್ಲಿ ನೀರು ಎಲ್ಲಿಗೆ ಬಂದಿದೆ ಎಂದು ನೋಡಿ ಬರೆಯುವುದು ಅವನ ಇಪ್ಪತ್ತಾರು ವರ್ಷದ ಕೆಲಸ. ಹೆಂಡತಿಯ ಮಾತು ಕಿವಿಗೆ ಹಾಕಿಕೊಳ್ಳದವನು ಹೊಳೆ ಕರೆದರೆ ಮಾತ್ರ ಓಡುತ್ತಾನೆ ಎಂದು ಅವನ ಅಕ್ಕ ಕಿಚಾಯಿಸುತ್ತಿದ್ದಳು.

ಈಗ ಅವನ ಹಳೆಯ ಪುಸ್ತಕಗಳೆಲ್ಲ ಕಂಪ್ಯೂಟರಿನ ಹೊಟ್ಟೆ ಸೇರಿದ್ದವು. ಇಷ್ಟು ಮಳೆ ಬಿದ್ದರೆ ಯಾವ ಬೀದಿಗೆ ನೀರು ನುಗ್ಗುತ್ತದೆ ಎಂದು ಅದು ಮೊದಲೇ ಹೇಳುತ್ತಿತ್ತು. ಆ ಬೆಳಿಗ್ಗೆ ಪರದೆಯ ಮೇಲೆ ನೆರೆ ತೋರಿಸುವ ನೀಲಿ ಬಣ್ಣ ಕೆಳಬೀದಿಯ ಬಾಯಲ್ಲೇ ನಿಂತಿತ್ತು.

"ಸಂಜೆ ನೀರು ಏರತ್ತೆ. ಕೆಳಬೀದಿಗೆ ಬರಲ್ಲ, ಅಲ್ಲಿನವರನ್ನ ಎಬ್ಬಿಸೋದು ಬೇಡ" ಎಂದಳು ಕಚೇರಿಯ ಇಂಜಿನಿಯರಮ್ಮ.

ಗೇಜಪ್ಪ ಪರದೆಯ ಹತ್ತಿರ ಬಗ್ಗಿ ನೋಡಿದ. ಅಕ್ಕ, ಹಾಸಿಗೆ ಹಿಡಿದ ಭಾವ ಇಬ್ಬರೂ ಇದ್ದದ್ದು ಆ ಬೀದಿಯಲ್ಲೇ.

ಹನ್ನೆರಡು ವರ್ಷದ ಹಿಂದೆ, ದೊಡ್ಡ ನೆರೆ ಬಂದ ದಿನವೇ ಹೆಂಡತಿಗೆ ಹೆರಿಗೆ ನೋವು. ಆಸ್ಪತ್ರೆಗೆ ಓಡಿದವನು ಮರಳಿ ಬಂದು, ತಪ್ಪಿಹೋದ ಮೂರು ಗಂಟೆಗಳ ಅಳತೆಯನ್ನು ಅಂದಾಜಿನಲ್ಲಿ ತುಂಬಿದ್ದ. ಮರುದಿನ ನೋಡಿದರೆ ನೆರೆ ಕಂಬದ ಮೇಲೆ ಬಿಟ್ಟುಹೋದ ಕೆಸರುಗೆರೆ ಅವನು ಬರೆದದ್ದಕ್ಕಿಂತ ಎರಡು ಮೊಳ ಮೇಲಿತ್ತು! ಕೆಳಬೀದಿ ಆಗಿನ್ನೂ ಬರೀ ಬಯಲು, ಕೇಳುವವರಿರಲಿಲ್ಲ. ಕೆಲಸ ಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದ.

"ಅಮ್ಮಾ, ಆ ನೆರೆಯ ಮೂರು ಅಳತೆ ಸುಳ್ಳು. ನೋಡ್ದೇ ಬರೆದುಬಿಟ್ಟೆ. ಕಂಬದ ಕೆಸರುಗೆರೆ ಎರಡು ಮೊಳ ಮೇಲಿತ್ತು."

"ಇಷ್ಟು ವರ್ಷ ಸುಮ್ನಿದ್ರಾ?" ಅವಳು ಅವನ ಮುಖ ನೋಡಲಿಲ್ಲ. ಕೆಸರುಗೆರೆಯ ಲೆಕ್ಕ ಕೂಡಿಸಿ ಕಂಪ್ಯೂಟರಿನಲ್ಲಿ ಮತ್ತೆ ಓಡಿಸಿದಳು. ಅದು ಮುಗಿಯಲು ಮುಕ್ಕಾಲು ಗಂಟೆ. ಗೇಜಪ್ಪ ಕೂರಲಾರದೆ, ನಿಲ್ಲಲಾರದೆ ಒದ್ದಾಡಿದ. ಕೊನೆಗೆ ನೀಲಿ ಬಣ್ಣ ಕೆಳಬೀದಿಯನ್ನು ಪೂರ್ತಿ ನುಂಗಿತು.

ಎಚ್ಚರಿಕೆ ಕೂಗುವ ಮೈಕಿನ ವ್ಯಾನಿನ ಜೊತೆ ಅವನೂ ಧಾವಿಸಿದ. ಬೀದಿಯಲ್ಲಿ ಒಬ್ಬರೂ ಗಂಟುಮೂಟೆ ಕಟ್ಟಿರಲಿಲ್ಲ. ಮನೆ ಬಾಗಿಲಲ್ಲಿ ಅಕ್ಕ ಅಕ್ಕಪಕ್ಕದವರಿಗೆ ಧೈರ್ಯ ಹೇಳುತ್ತಿದ್ದಳು.

"ಮೈಕಲ್ಲಿ ಏನಾದ್ರೂ ಕೂಗ್ಲಿ, ಇಲ್ಲಿಗೆ ನೀರು ಬರಲ್ಲ. ಕಚೇರಿಯವರ ನೆರೆ ನಕ್ಷೆ ನೋಡೇ ನಾವು ಮನೆ ತಗೊಂಡಿದ್ದು. ನನ್ನ ತಮ್ಮ ಬರೆದಿರೋ ಲೆಕ್ಕ ಅದು, ತಪ್ಪೋದುಂಟಾ?"

ಗೇಜಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೆ ಚರಂಡಿ ಆಗಲೇ ತುಂಬಿ ಹಿಂದಕ್ಕೆ ಹರಿಯುತ್ತಿತ್ತು. ಅವನು ಬೀದಿಯ ನಡುವೆ ನಿಂತು, ಕೊನೆಯ ಮನೆಗೂ ಕೇಳುವಂತೆ ಕೂಗಿದ.

"ಅಕ್ಕಾ, ನಿನ್ನ ತಮ್ಮ ಸುಳ್ಳು ಬರೆದಿದ್ದ! ಏಳಿ, ಎಲ್ಲರೂ ಹೊರಡಿ!"

ಅಕ್ಕ ಅವನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಭಾವನ ಔಷಧಿ ಚೀಲ ಎತ್ತಿಕೊಂಡಳು.