ಉಪ್ಪಿನ ಮುರುಗಲು

ಎಂದೋ ತೀರಿಕೊಂಡ ಒಬ್ಬ ಅಪರಿಚಿತರ ಹೊಟ್ಟೆಯ ಕ್ಯಾನ್ಸರ್ ಕೋಶಗಳಿಗೆ ಉಣಿಸುವುದು ಜಪಾನಿನ ಕನಜಾವಾದಲ್ಲಿ ನನಗೆ ಸಿಕ್ಕ ಮೊದಲ ಕೆಲಸ. ಆ ವ್ಯಕ್ತಿ ಇಲ್ಲ. ಕೋಶಗಳು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುತ್ತಲೇ ಇದ್ದವು.

ಯಾವ ಗಿಡದ ಸತ್ವ ಆ ಕೋಶಗಳ ಯಾವ ಜೀನ್‌ಗಳನ್ನು ಸುಮ್ಮನಾಗಿಸುತ್ತದೆ ಎಂದು ನೋಡಬೇಕಿತ್ತು. ನಾನು ನಮ್ಮ ಕಡೆಯ ಹುಳಿಹಣ್ಣು ಮುರುಗಲು, ಅಂದರೆ ಪುನರ್ಪುಳಿ, ಆರಿಸಿಕೊಂಡೆ. ಭೈರುಂಬೆಯ ಅತ್ತೆ ಕಳಿಸಿದ ಒಣಸಿಪ್ಪೆಯನ್ನು, ಸಾರಿಗೆ ಹಾಕುವಂತೆಯೇ, ನೀರಿನಲ್ಲಿ ನೆನೆಸಿ, ಹುಳಿ ತಗ್ಗಿಸಿ, ಸೋಸಿದೆ. ಮರುದಿನ ಕೋಶಗಳೆಲ್ಲ ಮುರುಟಿ ಸತ್ತಿದ್ದವು. ಎರಡನೆಯ ಸಲವೂ ಹಾಗೆಯೇ. ತಡೆಯಲಾರದೆ ಊರಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಅತ್ತೆಯ ಗಂಡನಿಗೆ, ಅಂದರೆ ನನ್ನ ಮಾವನಿಗೆ, ಅದೇ ಕಾಯಿಲೆ. ಹುಬ್ಬಳ್ಳಿಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅವನು ಅದನ್ನು ಮುಂದೂಡಿ ಸಿಪ್ಪೆನೀರು ಕುಡಿಯತೊಡಗಿದ.

ಶಿರಸಿಯಲ್ಲಿ ಓದುವಾಗ ರೂಮಿನ ಮಾಲಕರು ದಿನಕ್ಕೆ ಹತ್ತು ಪ್ರಶ್ನೆ ಕೇಳುತ್ತಿದ್ದರು. ಇಲ್ಲಿಯ ಮನೆಯೊಡತಿ ನನ್ನ ಹೆಸರು ಕೇಳಲು ತಿಂಗಳು ಹಿಡಿಯಿತು. ಒಂದು ಸಂಜೆ ಅಡುಗೆಮನೆಗೆ ಕರೆದರು. ಉಮೆಬೋಶಿ ಎಂಬ ಉಪ್ಪಿನ ಹುಳಿಹಣ್ಣುಗಳನ್ನು ನೀರಿನಲ್ಲಿ ಮುಳುಗಿಸಿಟ್ಟಿದ್ದರು. ಏಕೆಂದು ಕೇಳಿದೆ. ‘ಶಿಯೊನುಕಿ’ ಎಂದರು, ಉಪ್ಪು ಬಿಡಿಸುವುದು.

ಆಗ ಅತ್ತೆಯ ಸಿಪ್ಪೆ ನೆನಪಾಯಿತು. ಅತ್ತೆ ಬೂಷ್ಟು ಬಾರದಿರಲೆಂದು ಸಿಪ್ಪೆಯನ್ನು ಉಪ್ಪು ಬೆರೆಸಿದ ಹಣ್ಣಿನ ರಸದಲ್ಲಿ ಅದ್ದಿ ಅದ್ದಿ ಒಣಗಿಸುತ್ತಾಳೆ. ಮುರುಗಲೆಂದರೆ ನನಗೆ ಉಪ್ಪಿನದೇ; ಬೇರೆಯದು ಇದೆ ಎಂದು ಹೊಳೆದೇ ಇರಲಿಲ್ಲ.

ಅಷ್ಟೇ ಉಪ್ಪಿನ ಬರಿಯ ನೀರು ಹಾಕಿ ನೋಡಿದೆ. ಕೋಶಗಳು ಹಾಗೆಯೇ ಸತ್ತವು. ಪ್ರೊಫೆಸರರಿಗೆ ಹೇಳಿದೆ. ನನ್ನ ನೋಟ್‌ಬುಕ್ಕಿನಲ್ಲಿ ಆ ಎರಡು ಪ್ರಯೋಗಗಳ ಪುಟಗಳಿಗೆ ಗೆರೆ ಹೊಡೆದು ಸಹಿ ಮಾಡೆಂದರು. ಆಮೇಲೆ ಮಾವನಿಗೆ ಫೋನ್, ‘ನಾನು’ ‘ಆನು’ ಆಗುವ ನಮ್ಮ ಮನೆಮಾತಿನಲ್ಲಿ.

“ನೀನೇ ಹೇಳಿದ್ಯಲೇ ಕೂಸೆ, ಇದಕ್ಕೆ ಗಡ್ಡೆ ಸಾಯ್ತು ಹೇಳಿ.”

“ಸಾಯ್ಸಿದ್ದು ಉಪ್ಪು, ಮಾವ. ಆನು ತಪ್ಪಿದಿ. ನೀನು ಹುಬ್ಬಳ್ಳಿಗೆ ಹೋಗು.”

“ಹಂಗಾರೆ ತಿಂಗಳೆಲ್ಲ ಉಪ್ಪುನೀರು ಕುಡದಿ ಆನು,” ಎಂದು ಮಾವ ನಕ್ಕ. ನನಗೆ ನಗಲಾಗಲಿಲ್ಲ. ಯಾವ ದಿನ ಹೊರಡುತ್ತಾನೆಂದು ಹೇಳುವವರೆಗೂ ಫೋನ್ ಇಡಲಿಲ್ಲ.

ಮುಕ್ಕಾಲು ಜಠರ ತೆಗೆದರು. ಈಗ ಮಾವ ಗಂಟೆಗೊಂದು ತುತ್ತು ಉಣ್ಣುತ್ತಾನೆ. ಆ ಒಂದು ತಿಂಗಳು ಎಷ್ಟು ಕೆಡಿಸಿತೆಂದು ವೈದ್ಯರೂ ಹೇಳಲಾರರು.

ಉಪ್ಪು ಬಿಡಿಸಿದ ಸತ್ವಕ್ಕೆ ಕೋಶಗಳು ಸಾಯಲಿಲ್ಲ. ಒಂದೆರಡು ಜೀನ್‌ಗಳ ಚಟುವಟಿಕೆ ಮಾತ್ರ ತುಸು ತಗ್ಗಿತು. ಅಷ್ಟೇ ನಿಜ. ಅಲ್ಲಿಂದ ಮತ್ತೆ ಶುರು ಮಾಡಿದ್ದೇನೆ. ಫೋನಿನಲ್ಲಿ ಅದನ್ನು ಯಾರಿಗೂ ಹೇಳಿಲ್ಲ.

ಮೊನ್ನೆ ಅತ್ತೆಯಿಂದ ಎರಡು ಪೊಟ್ಟಣ ಬಂದವು. ‘ಉಪ್ಪು ಹಾಕದ್ದು ಕೆಲಸಕ್ಕೆ, ಹಾಕಿದ್ದು ನಿಂಗೆ’ ಎಂದು ಚೀಟಿ. ಮೊದಲನೆಯದನ್ನು ಪ್ರಯೋಗಾಲಯಕ್ಕೆ ಒಯ್ದು ಜಪಾನಿ ಅಕ್ಷರದಲ್ಲಿ ಹೆಸರು ಬರೆದೆ. ಎರಡನೆಯದನ್ನು ಸಾರಿಗೆಂದು ಬಿಚ್ಚಿದಾಗ ಮನೆಯೊಡತಿ ಉಪ್ಪು ಬಿಡಿಸಲು ನೀರಿನ ಬಟ್ಟಲು ಚಾಚಿದರು. ಬೇಡ, ಇದರ ಉಪ್ಪು ಇರಲಿ ಎಂದೆ, ಅವರ ಭಾಷೆಯಲ್ಲೇ.